ಮೊದಲು ಎದುರಾಳಿಯ ಪೋಸ್ಟರು

ಗೋಡೆಯಮ್ಮನಿಗೆ ಆ ಹೆಸರಿಟ್ಟವರು ಯಾರೆಂದು ಅವಳಿಗೇ ನೆನಪಿಲ್ಲ. ಕುಂಚ ಹಿಡಿದು ಗೋಡೆಗಳ ಮೇಲೆ ಅಭ್ಯರ್ಥಿಗಳ ಹೆಸರು ಬರೆಯುತ್ತಿದ್ದ ಕಾಲದಲ್ಲಿ ಯಾರೋ ತಮಾಷೆಗೆ ಕರೆದರು, ಅದೇ ಅಂಟಿಕೊಂಡಿತು. ಆಮೇಲೆ ಕುಂಚ ಹೋಗಿ ಕಂಪ್ಯೂಟರ್ ಬಂತು. ಬರೀ ಬರೆಯುವ ಕೆಲಸ ಹೋಗಿ ಇಡೀ ಪ್ರಚಾರವನ್ನೇ ಯೋಜಿಸುವ ಕೆಲಸ ಬಂತು. ಯಾವ ಬೀದಿಗೆ ಯಾವ ಬಣ್ಣ, ಯಾವ ವಾರ ಯಾವ ಮಾತು, ಅಭ್ಯರ್ಥಿ ಹಲ್ಲು ಕಾಣುವಂತೆ ನಗಬೇಕೋ ತುಟಿಯಲ್ಲೇ ನಗಬೇಕೋ, ಎಲ್ಲ ಅವಳೇ ಹೇಳಬೇಕು. ಊರಿನ ಎಲ್ಲ ಪಕ್ಷದವರೂ ಒಂದಲ್ಲ ಒಂದು ಸಲ ಅವಳ ಮೆಟ್ಟಿಲು ಹತ್ತಿದವರೇ. ಒಂದು ಚುನಾವಣೆಯಲ್ಲಿ ಕಳ್ಳನೆಂದು ತಾನೇ ಬರೆದವನನ್ನು ಮುಂದಿನ ಚುನಾವಣೆಯಲ್ಲಿ ಬಡವರ ಬಂಧು ಎಂದು ಬರೆದಿದ್ದಾಳೆ, ಅದೂ ಅದೇ ಗೋಡೆಯ ಮೇಲೆ. ಅದಕ್ಕಾಗಿ ಅವಳೇನೂ ನಿದ್ದೆಗೆಟ್ಟವಳಲ್ಲ. ದರ್ಜಿಗೆ ಗಿರಾಕಿಯ ಅಳತೆ ಗೊತ್ತಿದ್ದರೆ ಸಾಕು, ನಡತೆ ಯಾಕೆ ಬೇಕು ಎನ್ನುತ್ತಿದ್ದಳು.

ಅವಳದೊಂದು ಪದ್ಧತಿ ಇತ್ತು. ಯಾರ ಪ್ರಚಾರ ಒಪ್ಪಿಕೊಂಡರೂ ಮೊದಲು ಮಾಡುವುದು ಎದುರಾಳಿಯ ಪೋಸ್ಟರು. ಎದುರಾಳಿಯ ಬಗ್ಗೆ ಹೇಳಬಹುದಾದ ಅತ್ಯುತ್ತಮ ಮಾತು ಯಾವುದು, ಅತ್ಯುತ್ತಮ ಚಿತ್ರ ಯಾವುದು ಎಂದು ಹುಡುಕಿ, ನೋಡಿದರೆ ತನಗೇ ಅವನಿಗೆ ವೋಟು ಹಾಕೋಣ ಅನ್ನಿಸಬೇಕು, ಹಾಗೆ ಮಾಡುತ್ತಿದ್ದಳು. ಅದನ್ನು ಕೋಣೆಯ ಬೋರ್ಡಿಗೆ ಚುಚ್ಚಿ, ಅದರ ಎದುರು ಕೂತು, ಅದನ್ನು ಸೋಲಿಸುವ ಪೋಸ್ಟರನ್ನು ತನ್ನ ಗಿರಾಕಿಗೆ ಮಾಡುತ್ತಿದ್ದಳು. ಗೆದ್ದೆ ಅನ್ನಿಸಿದ ಮೇಲೆ ಮೊದಲಿನದನ್ನು ಹರಿದು ಬುಟ್ಟಿಗೆ. ಇನ್ನೊಂದು ನಿಯಮ, ಮುಖ ಕೊನೆಗೆ. ಮುಖ ಬರುವ ಜಾಗದಲ್ಲಿ ಬಿಳಿಯ ಮೊಟ್ಟೆಯಾಕಾರ ಬಿಟ್ಟಿರುತ್ತಾಳೆ. ಮುಖ ಮೊದಲೇ ಬಂದು ಕೂತರೆ ಮಿಕ್ಕದ್ದೆಲ್ಲ ಸೋಮಾರಿಯಾಗುತ್ತದೆ ಎಂಬುದು ಅವಳ ವಾದ.

ಈ ಸಲವೂ ಪುರಸಭೆಯ ಅಧ್ಯಕ್ಷರೇ ಬಂದರು. ಹಳೆಯ ಗಿರಾಕಿ, ದೊಡ್ಡ ಮುಖ, ದೊಡ್ಡ ದನಿ. ಅವಳು ಒಪ್ಪಿಕೊಂಡಳು. ಅವರ ಕಾರು ಮೂಲೆ ತಿರುಗಿತೋ ಇಲ್ಲವೋ, ಗಂಡ ಕೆಳಗಿನಿಂದ ಪತ್ರಿಕೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದ. ಅವನ ಮುಖ ನೋಡಿಯೇ ಏನೋ ಎಡವಟ್ಟಾಗಿದೆ ಎಂದು ಗೊತ್ತಾಯಿತು.

"ಏನೇ, ನಿನ್ನ ತಮ್ಮ ನಾಮಪತ್ರ ಹಾಕಿದ್ದಾನಂತೆ, ಗೊತ್ತಾ?"

"ಯಾವುದಕ್ಕೆ?"

"ಯಾವುದಕ್ಕೆ ಅಂದ್ರೆ? ಪುರಸಭೆಗೇ. ಅಧ್ಯಕ್ಷರ ವಾರ್ಡಲ್ಲೇ, ಅವರ ಎದುರಿಗೇ. ಮೂರನೆಯವರು ಯಾರೂ ಇಲ್ಲ."

ಗೋಡೆಯಮ್ಮ ಕಕ್ಕಾಬಿಕ್ಕಿಯಾದಳು. ತಮ್ಮನದು ಪೇಟೆಯಲ್ಲಿ ಕನ್ನಡಕದ ಅಂಗಡಿ. ಅಂಗಡಿ ಅವನದಾದರೂ ಅವನು ಅಲ್ಲಿರುವುದು ಅಪರೂಪ. ಯಾರಿಗೋ ಆಸ್ಪತ್ರೆಯಲ್ಲಿ ಸರದಿ, ಯಾರಿಗೋ ಪುರಸಭೆಯಲ್ಲಿ ಮನೆಯ ಕಾಗದ, ಇನ್ನಾರಿಗೋ ಪಿಂಚಣಿ, ಎಲ್ಲರ ಜೊತೆಗೂ ಹೋಗಿ ಬೆಂಚಿನ ಮೇಲೆ ಕೂತಿರುತ್ತಾನೆ. ಅವನಿಗೆ ಅಲ್ಲಿ ಯಾರ ಪರಿಚಯವೂ ಇಲ್ಲ, ಯಾರನ್ನೂ ದಬಾಯಿಸುವುದಿಲ್ಲ, ಸುಮ್ಮನೆ ಪಕ್ಕದಲ್ಲಿ ಕೂರುತ್ತಾನೆ, ಅಷ್ಟೇ. ಬೀದಿಯವರು ಬೆಂಚಣ್ಣ ಎಂದು ಕರೆದರೆ ಓ ಎನ್ನುತ್ತಾನೆ. ಅಂಥವನು ಚುನಾವಣೆಗೆ! ಅದೂ ಅಕ್ಕನಿಗೆ ಒಂದು ಮಾತು ಹೇಳದೆ!

ಫೋನು ಮಾಡಿದಳು. "ಏನೋ ಇದು? ನನಗೊಂದು ಮಾತು ಹೇಳ್ಬೇಕು ಅನ್ನಿಸಲಿಲ್ವಾ?"

"ಹೇಳಿದ್ರೆ ನೀನು ಅಧ್ಯಕ್ಷರ ಕೆಲಸ ಬಿಡ್ತಿದ್ದೆ ಅಕ್ಕಾ. ಇಲ್ಲಾ ಬಿಡದೆ ಒದ್ದಾಡ್ತಿದ್ದೆ. ಎರಡೂ ಬೇಡ ಅಂತ. ನಿನ್ನ ಕೆಲಸ ನೀನು ಮಾಡು, ನಾನು ಬೇಜಾರು ಮಾಡ್ಕೊಳ್ಳಲ್ಲ."

"ಗೆಲ್ತೀಯೇನೋ ನೀನು?"

"ಗೊತ್ತಿಲ್ಲ. ಬೆಂಚಿನ ಮೇಲೆ ಕೂತು ಕೂತು ಸಾಕಾಯ್ತು. ಆಫೀಸಿನ ಕಿಟಕಿ ಆಚೆ ಕಡೆ ಹೋಗಿ ನೋಡೋಣ ಅಂತ. ಅಲ್ಲಿ ನಮ್ಮೋರು ಒಬ್ಬರಾದ್ರೂ ಇರಬೇಡ್ವಾ?"

ಬೇಜಾರು ಮಾಡಿಕೊಳ್ಳುವುದಿಲ್ಲ ಎಂದು ಅವನು ಹೇಳಿದ್ದೇ ಅವಳಿಗೆ ಬೇಜಾರಾಯಿತು. ಜಗಳ ಆಡಿದ್ದರೆ ತಾನೂ ನಾಲ್ಕು ಮಾತಾಡಿ ಹಗುರಾಗಬಹುದಿತ್ತು. ಈಗ ಏನು ಮಾಡಬೇಕು? ಒಪ್ಪಿಕೊಂಡ ಕೆಲಸ ಬಿಟ್ಟವಳಲ್ಲ. ತಮ್ಮನನ್ನು ಸೋಲಿಸುವ ಕೆಲಸ ಮಾಡಿದವಳೂ ಅಲ್ಲ. ಸಂಜೆಯವರೆಗೂ ಕಿಟಕಿಯ ಹತ್ತಿರ ನಿಂತು, ಕುರ್ಚಿಗೆ ಬಂದು, ಮತ್ತೆ ಕಿಟಕಿಗೆ ಹೋಗಿ, ಕೊನೆಗೆ ಏನೂ ತೋಚದೆ ಯಾವಾಗಲೂ ಮಾಡುವುದನ್ನೇ ಮಾಡಿದಳು. ಮೊದಲು ಎದುರಾಳಿಯ ಪೋಸ್ಟರು.

ಅಷ್ಟು ಸಲೀಸಾಗಿ ಅವಳು ಬೇರೆ ಯಾವ ಪೋಸ್ಟರನ್ನೂ ಮಾಡಿರಲಿಲ್ಲ. ಉದ್ದನೆಯ ಬೆಂಚು. ಅದರ ಮೇಲೆ ಒಬ್ಬ ಮುದುಕಿ, ಮಗುವನ್ನು ಹೆಗಲಿಗೆ ಹಾಕಿಕೊಂಡ ಒಬ್ಬ ತಂದೆ, ಕಾಲಿಗೆ ಪಟ್ಟಿ ಸುತ್ತಿಕೊಂಡ ಒಬ್ಬ ಹೆಂಗಸು. ಅವರ ನಡುವೆ ಕೈಯಲ್ಲಿ ಟೋಕನ್ ಹಿಡಿದು ಕೂತ ಒಬ್ಬ ಮನುಷ್ಯ. ಕೆಳಗೆ ಒಂದೇ ಸಾಲು: ನಿಮ್ಮ ಸರದಿ ಬರುವವರೆಗೂ ನಾನೂ ಎದ್ದು ಹೋಗುವುದಿಲ್ಲ.

ಆ ಸಾಲನ್ನು ಓದಿ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ತಾನೇ ಬರೆದದ್ದಕ್ಕೆ ತಾನೇ ಅಳುವುದು ಆ ಕಸುಬಿನವರಿಗೆ ಒಳ್ಳೆಯ ಲಕ್ಷಣವಲ್ಲ. ಬೋರ್ಡಿಗೆ ಚುಚ್ಚಿ ಎದುರು ಕೂತಳು. ಈಗ ಅಧ್ಯಕ್ಷರದು ಮಾಡಬೇಕು, ಇದನ್ನು ಸೋಲಿಸಬೇಕು. ರಸ್ತೆ ಬರೆದಳು, ದೀಪ ಬರೆದಳು, ಹೊಸ ಸೇತುವೆಯ ಚಿತ್ರ ಹಾಕಿದಳು. ಯಾವುದೂ ಆ ಬೆಂಚಿನ ಎದುರು ನಿಲ್ಲಲಿಲ್ಲ. ಒಂದು ದಿನ ಹೋಯಿತು, ಇನ್ನೊಂದು ಹೋಯಿತು. ತಲೆ ಕೆಟ್ಟು ಗೊಬ್ಬರವಾಯಿತು. ಕೈಯಲ್ಲಿ ಕಸುವಿಲ್ಲವೋ ಮನಸ್ಸೇ ಇಲ್ಲವೋ ಅವಳಿಗೆ ತಿಳಿಯಲಿಲ್ಲ.

ಊಟಕ್ಕೆ ಕೂತಾಗ ಗಂಡ ಕೇಳಿದ. "ಅದೆಲ್ಲ ಇರಲಿ. ನೀನು ಯಾರಿಗೆ ವೋಟು ಹಾಕ್ತೀಯ?"

"ನಾನಾ?"

"ಇನ್ಯಾರು ನಿಮ್ಮಜ್ಜಿನಾ? ನೀನೇ."

ಗೋಡೆಯಮ್ಮ ತುತ್ತು ಕೈಯಲ್ಲಿ ಹಿಡಿದು ಯೋಚಿಸಿದಳು. ಊರಿನ ಮಂದಿಗೆ ಯಾರಿಗೆ ವೋಟು ಹಾಕಬೇಕೆಂದು ಕಲಿಸುತ್ತಲೇ ಕೂದಲು ನರೆದಿತ್ತು. ತನಗೆ ಯಾರು ಬೇಕು ಎಂದು ಮಾತ್ರ ಯಾವತ್ತೂ ಕೇಳಿಕೊಂಡಿರಲಿಲ್ಲ. ಮತಗಟ್ಟೆಗೆ ಹೋದಾಗ ತನ್ನ ಪೋಸ್ಟರು ಚೆನ್ನಾಗಿ ಬಂದವನಿಗೆ ಒತ್ತಿ ಬರುತ್ತಿದ್ದಳು. "ಸುಮ್ನೆ ಊಟ ಮಾಡ್ರೀ" ಎಂದಳು.

ಮಾರನೆಯ ಬೆಳಿಗ್ಗೆ ಅಧ್ಯಕ್ಷರು ಹೇಳದೆ ಕೇಳದೆ ಮೆಟ್ಟಿಲು ಹತ್ತಿ ಬಂದುಬಿಟ್ಟರು. ಅಭ್ಯರ್ಥಿಗಳು ಬರುವ ಮುಂಚೆ ಬೋರ್ಡನ್ನು ಗೋಡೆಗೆ ಮುಖ ಮಾಡಿ ತಿರುಗಿಸುವುದು ಅವಳಿಗೆ ಉಸಿರಾಟದಷ್ಟು ರೂಢಿ. ಆ ದಿನ ತಿರುಗಿಸಲಿಲ್ಲ. ಅಧ್ಯಕ್ಷರು ಒಂದು ಕೈಯಲ್ಲಿ ಫೋನು ಹಿಡಿದುಕೊಂಡೇ ಬೋರ್ಡಿನ ಮುಂದೆ ನಿಂತರು.

"ಭೇಷ್! ಇದೇ ಇರಲಿ ಅಮ್ಮಾ. ಜನರ ಮಧ್ಯೆ ನಾನು, ಅಲ್ವಾ? ಮುಖ ಇಲ್ಲಿ ಬರುತ್ತೆ, ಈ ಬಿಳಿ ಜಾಗದಲ್ಲಿ?"

"ಅದು..." ಎಂದಳು ಗೋಡೆಯಮ್ಮ.

"ಸ್ವಲ್ಪ ದೊಡ್ಡದು ಮಾಡಿ. ದೂರದಿಂದ ಕಾಣಬೇಕು. ನೀವು ಇಷ್ಟು ವರ್ಷ ಮಾಡಿದ್ದರಲ್ಲೇ ಇದು ಒಂದು ಕೈ ಮೇಲು, ನೋಡಿ."

ಇದು ನಿಮ್ಮದಲ್ಲ ಎಂದು ಹೇಳಲು ಅವಳ ಬಾಯಿ ತೆರೆದಿತ್ತು. ಎರಡೇ ಪದ ಸಾಕಿತ್ತು. ಆದರೆ ಒಂದು ಕೈ ಮೇಲು ಎಂಬ ಮಾತು ಕಿವಿಗೆ ಬಿದ್ದು ಒಳಗೆಲ್ಲೋ ಹಿತವಾಗಿ ಹರಡಿತು. ಹೌದು, ತಾನು ಮಾಡಿದ್ದರಲ್ಲಿ ಇದೇ ಮೇಲು. ಇದನ್ನು ಹರಿದು ಬುಟ್ಟಿಗೆ ಹಾಕುವುದಾ? ಯಾರೂ ನೋಡದ ಹಾಗೆ? ಆ ಯೋಚನೆ ಮುಗಿಯುವಷ್ಟರಲ್ಲಿ ಅಧ್ಯಕ್ಷರು ಫೋನಿನಲ್ಲಿ ಯಾರನ್ನೋ ಗದರುತ್ತ ಮೆಟ್ಟಿಲು ಇಳಿಯುತ್ತಿದ್ದರು. ಗೋಡೆಯಮ್ಮ ಕುರ್ಚಿಯಲ್ಲಿ ಕುಸಿದಳು. ಆಮೇಲೆ ಎದ್ದು ಬಿಳಿಯ ಜಾಗದಲ್ಲಿ ಅಧ್ಯಕ್ಷರ ಮುಖವನ್ನು ಕೂರಿಸಿದಳು. ಅದು ಎಷ್ಟು ಚೆನ್ನಾಗಿ ಕೂತಿತೆಂದರೆ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಅಧ್ಯಕ್ಷರಿಗೆ ಯಾವಾಗಲೂ ಅವಸರ. ನಾಮಪತ್ರ ವಾಪಸು ತೆಗೆದುಕೊಳ್ಳುವ ದಿನ ಇನ್ನೂ ಮುಗಿದಿರಲಿಲ್ಲ, ಆಗಲೇ ಬಸ್ ನಿಲ್ದಾಣ, ಮಾರುಕಟ್ಟೆ, ಆಸ್ಪತ್ರೆಯ ಕಾಂಪೌಂಡು, ಎಲ್ಲೆಲ್ಲೂ ಅಧ್ಯಕ್ಷರು ಟೋಕನ್ ಹಿಡಿದು ಬೆಂಚಿನ ಮೇಲೆ ಕೂತಿದ್ದರು. ಜನ ನಿಂತು ನೋಡುತ್ತಿದ್ದರು. ಕನ್ನಡಕದ ಅಂಗಡಿಯ ಎದುರಿನ ಗೋಡೆಯೂ ಖಾಲಿ ಉಳಿಯಲಿಲ್ಲ. ಗೋಡೆಯಮ್ಮ ಆ ಬೀದಿಗೆ ಹೋಗುವುದನ್ನೇ ಬಿಟ್ಟಳು. ತಮ್ಮ ಬಂದು ಕೂಗಾಡುತ್ತಾನೆ, ನನ್ನನ್ನೇ ಕದ್ದು ಅವನಿಗೆ ಮಾರಿದೆಯಲ್ಲ ಎನ್ನುತ್ತಾನೆ ಎಂದು ಕಾದಳು. ಬಂದರೆ ಕಾಲು ಹಿಡಿದಾದರೂ ಕ್ಷಮೆ ಕೇಳಬೇಕೆಂದುಕೊಂಡಿದ್ದಳು.

ವಾಪಸಿಗೆ ಕೊನೆಯ ದಿನ ತಮ್ಮ ಬಂದ. ಕೂಗಾಡಲಿಲ್ಲ. ಮುಖದಲ್ಲಿ ಒಂದು ಥರದ ನೆಮ್ಮದಿ ಇತ್ತು, ಕೂಗಾಟಕ್ಕಿಂತ ಅದೇ ಅವಳನ್ನು ಹೆದರಿಸಿತು.

"ಅಕ್ಕಾ, ಆ ಪೋಸ್ಟರ್ ನೋಡ್ದೆ. ದಿನಾ ನೋಡ್ತಿದ್ದೀನಿ. ನಿಜ ಹೇಳ್ಲಾ? ನನಗೇ ಅವರಿಗೆ ವೋಟು ಹಾಕೋಣ ಅನ್ನಿಸಿತು."

"ಕೂತ್ಕೊಳ್ಳೋ" ಎಂದಳು. ಕುರ್ಚಿ ಎಳೆದಳು.

"ಇಲ್ಲ, ಹೋಗ್ಬೇಕು. ನಾಮಪತ್ರ ವಾಪಸ್ ತಗೊಳ್ಳೋಣ ಅಂತ. ನೀನೇ ಯೋಚನೆ ಮಾಡು. ನಾನು ಬೆಂಚಿನ ಮೇಲೆ ಕೂತ್ರೆ ಸಾಲಿನಲ್ಲಿ ಒಂದು ತಲೆ ಜಾಸ್ತಿ, ಅಷ್ಟೇ. ಅಧ್ಯಕ್ಷರು ಬಂದು ಕೂತ್ರೆ ಸಾಲೇ ಮುಂದೆ ಹೋಗುತ್ತೆ. ಅವರೇ ಕೂರ್ತೀನಿ ಅಂದ್ಮೇಲೆ ನಾನ್ಯಾಕೆ?"

"ಅವರು ಕೂರಲ್ಲ ಕಣೋ! ಆ ಪೋಸ್ಟರಲ್ಲಿರೋದು ಅವರಲ್ಲ. ನೀನು. ನಿನಗೆ ಅಂತ ಬರೆದಿದ್ದು. ಅವರು ನೋಡಿ ತಮ್ಮದೇ ಅಂದ್ಕೊಂಡ್ರು, ನಾನು ಅಲ್ಲ ಅನ್ನಲಿಲ್ಲ. ತಪ್ಪು ನಂದು. ಮುಖ ಒಂದು ಬಿಟ್ಟು ಮಿಕ್ಕಿದ್ದೆಲ್ಲ ನೀನೇ ಕಣೋ."

ತಮ್ಮ ಅಕ್ಕನನ್ನೇ ನೋಡಿದ. ಆಮೇಲೆ ನಕ್ಕ, ಚಿಕ್ಕ ಮಗುವನ್ನು ಸಮಾಧಾನ ಮಾಡುವ ನಗು.

"ನಾನೆಲ್ಲಿ ಅಷ್ಟು ದೊಡ್ಡ ಮನುಷ್ಯ ಅಕ್ಕಾ? ಎದ್ದು ಹೋಗಲ್ಲ ಅಂತಿದೆ ಅದರಲ್ಲಿ. ನಾನು ಎಷ್ಟು ಸಲ ಎದ್ದು ಬಂದಿಲ್ಲ? ಅಂಗಡಿಗೆ ಯಾರೋ ಬಂದ್ರು ಅಂತ, ಹೊಟ್ಟೆ ಹಸೀತು ಅಂತ. ನಾನು ಸೋತೆ ಅಂತ ನಿನಗೆ ಸಂಕಟ, ಅದಕ್ಕೆ ಹೀಗೆಲ್ಲ ಹೇಳ್ತಿದ್ದೀಯ."

"ದೇವರಾಣೆ ಕಣೋ!"

"ಅಕ್ಕಾ, ನಿನ್ನ ಪೋಸ್ಟರ್ ನಂಬಬೇಡ ಅಂತ ನೀನೇ ಅಲ್ವಾ ನನಗೆ ಹೇಳ್ತಿದ್ದಿದ್ದು? ಇದೊಂದೇ ಒಂದನ್ನ ನಂಬಿದ್ದೀನಿ. ಅದನ್ನೂ ಕಿತ್ಕೋಬೇಡ."

ಅವನು ಹೊರಟ. ಅವಳು ಕನ್ನಡಕ ಹಾಕಿಕೊಳ್ಳದೆ, ಬಾಗಿಲು ಎಳೆದುಕೊಳ್ಳದೆ ಹಿಂದೆಯೇ ಹೊರಟಳು. ದಾರಿಯುದ್ದಕ್ಕೂ ಹೇಳುತ್ತಲೇ ಹೋದಳು, ಅವನು ಹೂಂ ಹೂಂ ಎನ್ನುತ್ತಲೇ ನಡೆದ. ನಡುವೆ ಒಂದು ಕಡೆ ಅವಳಿಗೇ ಅನುಮಾನ ಬಂತು. ಅವನು ಹೇಳುವುದೇ ನಿಜವಿದ್ದರೆ? ಬೆಂಚಿನ ಮೇಲೆ ಕೂತ ಆ ಮನುಷ್ಯನನ್ನು ತಾನು ತಮ್ಮನಲ್ಲಿ ಕಂಡದ್ದೋ, ಮಿಕ್ಕ ಎಲ್ಲರಿಗೂ ಮಾಡಿದ ಹಾಗೆ ಬಣ್ಣ ಬಳಿದು ಮಾಡಿದ್ದೋ? ಇಷ್ಟು ವರ್ಷ ಎರಡಕ್ಕೂ ಒಂದೇ ಕೈ ಬಳಸಿದ್ದಳು. ಈಗ ಯಾವುದು ಯಾವುದು ಎಂದು ಅವಳಿಗೇ ಹೇಳಲು ಬರಲಿಲ್ಲ. ನಡಿಗೆ ನಿಧಾನವಾಯಿತು. ತಮ್ಮ ಮುಂದೆ ಹೋಗಿ ಚುನಾವಣಾ ಕಚೇರಿಯ ಒಳಗೆ ನುಗ್ಗಿದ.

ಅವಳು ತಲುಪಿದಾಗ ಸಹಿ ಬಿದ್ದಾಗಿತ್ತು. ಪಡಸಾಲೆಯಲ್ಲಿ ಅಧ್ಯಕ್ಷರು ತಮ್ಮನ ಹೆಗಲ ಮೇಲೆ ಕೈ ಹಾಕಿ ನಿಂತಿದ್ದರು. ಸುದ್ದಿ ಮುಟ್ಟಿ ಓಡಿ ಬಂದಿದ್ದರೆಂದು ಅವರ ಏದುಸಿರೇ ಹೇಳುತ್ತಿತ್ತು. ಯಾರೋ ಫೋಟೋ ತೆಗೆದರು. ಅಧ್ಯಕ್ಷರು ಹಲ್ಲು ಕಾಣುವಂತೆ ನಕ್ಕರು.

ತಮ್ಮ ಕೈ ಮುಗಿದ. "ಸಾರ್, ಒಂದೇ ಮಾತು. ಪೋಸ್ಟರಲ್ಲಿ ಹೇಳಿದ್ದೀರಲ್ಲ, ಹಾಗೆ ನಡ್ಕೊಳ್ಳಿ. ಅಷ್ಟು ಸಾಕು."

"ಖಂಡಿತ! ಹೇಳಿದ್ದನ್ನ ಮಾಡೋನೇ ನಾನು. ಅದರಲ್ಲಿ ಎರಡು ಮಾತಿಲ್ಲ."

ತಮ್ಮ ಹಗುರವಾಗಿ ಮೆಟ್ಟಿಲು ಇಳಿದ. ಕೆಳಗಿನಿಂದ ಅಕ್ಕನತ್ತ ತಿರುಗಿ, ನೋಡಿದೆಯಾ ಎಂಬಂತೆ ತಲೆಯಾಡಿಸಿ ಹೋದ. ಅಧ್ಯಕ್ಷರು ಅವಳ ಹತ್ತಿರ ಬಂದು ದನಿ ತಗ್ಗಿಸಿದರು.

"ಅಮ್ಮಾ, ನಿಮ್ಮ ತಮ್ಮ ಏನು ಹೇಳಿದ್ದು? ಪೋಸ್ಟರಲ್ಲಿ ಏನಂತ ಹಾಕಿದ್ದೀವಿ?"

ಗೋಡೆಯಮ್ಮನಿಗೆ ಮೊದಲು ಪ್ರಶ್ನೆಯೇ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, ಒಂದೊಂದೇ ಪದವನ್ನು ಬಿಡಿಸಿ, ಪಾಠ ಒಪ್ಪಿಸುವ ಹಾಗೆ ಹೇಳಿದಳು.

"ನಿಮ್ಮ ಸರದಿ ಬರುವವರೆಗೂ ನಾನೂ ಎದ್ದು ಹೋಗುವುದಿಲ್ಲ ಅಂತ."

"ಓ" ಎಂದರು ಅಧ್ಯಕ್ಷರು. ಮೆಚ್ಚುಗೆಯಿಂದ ತಲೆದೂಗಿದರು. "ಚೆನ್ನಾಗಿದೆ, ಬಹಳ ಚೆನ್ನಾಗಿದೆ." ಆಮೇಲೆ ಕೈಗಡಿಯಾರ ನೋಡಿಕೊಂಡರು. "ಸರಿ ಅಮ್ಮಾ, ನನಗೆ ಹೊತ್ತಾಯ್ತು, ಹೊರಡ್ತೀನಿ."