ಬಳುವಳಿಗೆ ಹೋದ ಮಗಳು

ಬೇಯಿಸಿದ ಸೋಯಾಕಾಳು ಕುಟ್ಟುತ್ತಿದ್ದ ಓಕ್ದಾನ್ ಒನಕೆಯನ್ನು ಗೋಡೆಗೆ ಒರಗಿಸಿ, ಜಗಲಿಯ ಮುಂದೆ ಬಂದು ಮಂಡಿಯೂರಿದಳು. ಯಜಮಾನ ಪ್ಯೋ ಉದ್ದನೆಯ ಕೊಳವೆಯಲ್ಲಿ ಹೊಗೆ ಎಳೆಯುತ್ತಿದ್ದರು.

"ಬುದ್ಧೀ, ಇನ್ಮೇಲೆ ಕೊರಿಯಾದಾಗೆ ತೊತ್ತು ಅಂತ ಯಾರೂ ಇಲ್ವಂತೆ. ಅರಸರ ಅಪ್ಪಣೆ ಆಗೈತಂತೆ."

ಯಾರು ಹೇಳಿದ್ದೆಂದು ಕೇಳಿದರು. ಉಪ್ಪು ಮಾರುವವನು, ಅಂದಳು. ಅಪ್ಪಣೆಯಾಗಿ ನಾಲ್ಕು ತಿಂಗಳಾಗಿತ್ತು. ಗೊತ್ತಿದ್ದೂ ಪ್ಯೋ ಬಾಯಿ ಬಿಟ್ಟಿರಲಿಲ್ಲ.

"ಬಾಗಿಲು ತೆಗೆದೇ ಇದೆ, ಹೋಗು. ಈ ಚಳೀಲಿ ನಿಂಗೆ ಯಾರು ಅನ್ನ ಹಾಕ್ತಾರೋ ನೋಡೋಣ."

"ನನ್ ಮಗಳು?"

"ಅವಳು ನನ್ ಮನೇಲಿಲ್ವಲ್ಲ."

ಅದೂ ನಿಜವೇ. ವಸಂತದಲ್ಲಿ ಅವರ ಮಗಳು ಸುಗ್ಯೊಂಗ್ ಗಂಡನ ಮನೆಗೆ ಹೊರಟಾಗ ಹಾಸಿಗೆ, ಪೆಟ್ಟಿಗೆಗಳ ಜೊತೆ ಓಕ್ದಾನಳ ಹನ್ನೆರಡು ವರ್ಷದ ಮಗಳು ಬುನಿಯನ್ನೂ ಬಳುವಳಿಯಾಗಿ ಕಳಿಸಿದ್ದರು. ಸುಗ್ಯೊಂಗ್ ಓಕ್ದಾನಳ ಹಾಲು ಕುಡಿದು ಬೆಳೆದವಳು. ಹಾಗೆ ಹಾಲೂಡಿಸಿದ ವರ್ಷ ಓಕ್ದಾನಳ ಸ್ವಂತ ಗಂಡುಕೂಸು ಬರೀ ಗಂಜಿನೀರಿನಲ್ಲಿ ಉಳಿಯಲಿಲ್ಲ.

ಓಕ್ದಾನ್ ಎರಡು ದಿನ ನಡೆದು ಸುಗ್ಯೊಂಗಳ ಗಂಡನ ಮನೆ ಮುಟ್ಟಿದಳು. ಸುಗ್ಯೊಂಗ್ ಒಳಬಾಗಿಲಿಗೆ ಬಂದಳು, ತುಂಬು ಬಸುರಿ. ದಾದಿಯ ಒಡೆದ ಪಾದ ನೋಡಿ ಅವಳ ಕಣ್ಣಲ್ಲಿ ನೀರು ಬಂತು. ಬಂದ ಕಾರಣ ಕೇಳಿದ ಮೇಲೆ ಮುಖ ತಿರುಗಿಸಿದಳು.

"ಬುನಿ ಹೋದ್ರೆ ಈ ಮನೇಲಿ ನನ್ನೋರು ಅಂತ ಯಾರಿದ್ದಾರೆ ದಾದಿ? ನೀನೂ ಇಲ್ಲೇ ಇದ್ಬಿಡು. ಹುಟ್ಟೋ ಮಗೂನ ನಿನ್ ಕೈಗೇ ಕೊಡ್ತೀನಿ."

ಒಳಗೆ ಅಡಿಯಿಂದ ಬೆಂಕಿ ಹಾಕಿ ಕಾಯಿಸಿದ ನೆಲದ ಬಿಸಿ, ಬೇಯುತ್ತಿದ್ದ ಅನ್ನದ ಹಬೆ ಓಕ್ದಾನಳಿಗೆ ತಟ್ಟಿತು. ಎರಡು ದಿನದಿಂದ ಅವಳು ಸರಿಯಾಗಿ ಉಂಡಿರಲಿಲ್ಲ. ಇದ್ದುಬಿಟ್ಟರೆ ಮಗಳು ಕಣ್ಣೆದುರಿಗಾದರೂ ಇರುತ್ತಾಳೆ ಅನ್ನಿಸಿತು.

"ಇನ್ನೊಂದ್ ಕೂಸು ಎತ್ಕೊಳ್ಳೋಕೆ ಕೈ ಬರಾಕಿಲ್ಲ, ಅಮ್ಮಾವ್ರೇ" ಅಂದಳು.

ಬಾಗಿಲು ಮುಚ್ಚಿತು. ಓಕ್ದಾನ್ ಬೇಲಿಯಾಚೆಯ ಬಾವಿಯ ಹತ್ತಿರ ಕೂತಳು. ಆಳುಗಳು ಬಂದು ಗದರಿಸಿದರು. ಬಾವಿ ಊರಿನದು ಅಂದಳು. ಹುಚ್ಚಿ ಅಂದರು, ಅಲ್ಲಿಂದ ಏಳಲಿಲ್ಲ. ಮೂರನೆಯ ಬೆಳಿಗ್ಗೆ, ಇನ್ನು ಕಳಿಸದೆ ವಿಧಿಯಿಲ್ಲವೆಂದೋ ಏನೋ, ಎರಡು ದಿನ ಒಳಗೇ ಇರಿಸಿಕೊಂಡಿದ್ದ ಬುನಿಯನ್ನೇ ನೀರಿಗೆ ಕಳಿಸಿದರು. ಹುಡುಗಿ ತಾಯಿಯನ್ನು ನೋಡಿಯೂ ನೋಡದವಳಂತೆ ಕೊಡ ತುಂಬಿ ತಲೆಗೇರಿಸಿಕೊಂಡಳು.

"ಇಳ್ಸು ಮಗ."

"ಅಮ್ಮಾವ್ರು ಬೈತಾರೆ."

"ಬೈಲಿ."

ಬುನಿ ಕದಲಲಿಲ್ಲ. ಓಕ್ದಾನ್ ತಾನೇ ಕೊಡವನ್ನು ಇಳಿಸಿ ಬಾವಿಕಟ್ಟೆಯ ಮೇಲಿಟ್ಟಳು. ಹಿಂದಿನಿಂದ ಸುಗ್ಯೊಂಗಳ ದನಿ ಒಮ್ಮೆ ಬುನಿಯ ಹೆಸರು ಹಿಡಿದು ಕೂಗಿ ನಿಂತಿತು.

ಮಂಜು ಬಿದ್ದ ಗದ್ದೆಯ ಬದುವಿನ ಮೇಲೆ ಇಬ್ಬರೂ ನಡೆದರು. ಬಹಳ ದೂರದವರೆಗೂ ಬುನಿಯ ಒಂದು ಕೈ ತಲೆಯ ಮೇಲೇ ಇತ್ತು, ಬರಿಗಾಳಿಯನ್ನು ಹಿಡಿದುಕೊಂಡು.