ಗೆರೆಯೊಳಗಿನ ಗುಳಿ

ಚಹಾ ಕೆನೆ ಕಟ್ಟುತ್ತಿದೆ, ಕಟ್ಟಲಿ ಬಿಡು, ಕಿಟಕಿಯ ಬಿಸಿಲು ಕೀಬೋರ್ಡಿನ ಮೇಲೆ ಬಿದ್ದು ಅಕ್ಷರಗಳೇ ಕಾಣುತ್ತಿಲ್ಲ, ಆದರೂ ಪರದೆ ಎಳೆಯಲು ಏಳುವ ಮನಸ್ಸಿಲ್ಲ ಅವಳಿಗೆ, ಎದ್ದರೆ ಕಂಪ್ಯೂಟರಿನಲ್ಲಿ ಮೂಡುತ್ತಿರುವ ಆ ಗೆರೆ ಅಷ್ಟರೊಳಗೆ ಏನಾದರೂ ಎಡವಟ್ಟು ಮಾಡಿಕೊಂಡೀತು — ಹೊರಗೆ ಬೋಗುಣಿಯಂಥ ಆಂಟೆನಾ ಹಾಡಹಗಲಲ್ಲೇ ಮೋಡದತ್ತ ಮುಖ ಮಾಡಿ ನಿಂತಿದೆ, ರೇಡಿಯೋ ಅಲೆಗೆ ಹಗಲೇನು ರಾತ್ರಿಯೇನು, ನಕ್ಷತ್ರಗಳ ನಡುವಿನ ತಣ್ಣನೆಯ ಅನಿಲದ ಮೋಡ ಅದು, ಹಿಂದಿನಿಂದ ಬರುವ ಅಲೆಯಲ್ಲಿ ತನಗೆ ಬೇಕಾದ ಚೂರನ್ನಷ್ಟೇ ನುಂಗಿ ಉಳಿದದ್ದನ್ನು ಬಿಟ್ಟುಕೊಡುತ್ತದೆ, ನುಂಗಿದ ಕಡೆ ಗೆರೆಯಲ್ಲೊಂದು ಗುಳಿ, ಮಗಳು ನಕ್ಕಾಗ ಕೆನ್ನೆಯಲ್ಲಿ ಬೀಳುವಷ್ಟೇ ಸಣ್ಣದು. ಖಾಲಿ ಜಾಗದಲ್ಲಿ ಅದೇನೇ ಅಷ್ಟು ನೋಡ್ತೀಯ, ಮನೆಯಲ್ಲಿ ಅಮ್ಮ ಯಾವಾಗಲೂ ಕೇಳುತ್ತಾಳೆ, ಖಾಲಿ ಅಲ್ಲಮ್ಮ, ತುಂಬಾ ತೆಳು ಅಷ್ಟೆ, ಓಹೋ, ನೀನು ಮಾಡೋ ಚಹಾದ ಹಾಗೆ ಅನ್ನು! ನಗು ಬರುತ್ತದೆ ಈಗಲೂ. ಹೋದ ವರ್ಷ ನಗುವ ಹಾಗಿರಲಿಲ್ಲ — ಮೋಡವನ್ನು ನೋಡಿ, ಪಕ್ಕದ ಖಾಲಿ ಆಕಾಶವನ್ನೂ ನೋಡಿ, ಮೊದಲಿನದರಿಂದ ಎರಡನೆಯದನ್ನು ಕಳೆಯುವುದು ಇಲ್ಲಿಯ ಪದ್ಧತಿ, ಕಾವಲುಗಾರ ಪಾಪ ಚಳಿ ತಡೆಯಲಾರದೆ ಹೀಟರ್ ಹಚ್ಚಿದ್ದು ಸರಿಯಾಗಿ ಖಾಲಿ ಆಕಾಶದ ಹೊತ್ತಿಗೆ, ಆಂಟೆನಾಕ್ಕೆ ಕೇಳಿದ ಹೀಟರಿನ ಗದ್ದಲವನ್ನೂ ಕಳೆದ ಮೇಲೆ ಗುಳಿಯೋ ಗುಳಿ, ಇವಳು ಊರಿಗೆಲ್ಲ ಡಂಗುರ ಸಾರಿದ್ದೇ ಸಾರಿದ್ದು, ಆಮೇಲೆ ಕ್ಯಾಂಟೀನಿನವನಿಗೂ ಇವಳು ಹೀಟರ್ ಮೇಡಂ.

ಈ ಗುಳಿ ಸಿಕ್ಕಿ ತಿಂಗಳುಗಳಾದವು, ಎಂಜಿನಿಯರ್ ಒಬ್ಬರನ್ನು ಬಿಟ್ಟು ಯಾರ ಹತ್ತಿರವೂ ತುಟಿ ಬಿಚ್ಚಿಲ್ಲ, ಇದೂ ಸುಳ್ಳಾದರೆ ಆ ಮೋಡದ ಕಡೆ ಆಂಟೆನಾ ತಿರುಗಿಸಲು ಇನ್ನು ಯಾರೂ ಸಮಯ ಕೊಡುವುದಿಲ್ಲ, ಅಲ್ಲಿಗೆ ಮುಗಿಯಿತು. ಭೂಮಿ ಈಗ ಸೂರ್ಯನ ಆಚೆ ಬದಿಗೆ ಬಂದಿದೆ, ಆಗ ಮೋಡದತ್ತ ಹೋಗುತ್ತಿದ್ದದ್ದು ಈಗ ದೂರ ಸರಿಯುತ್ತಿದೆ, ದೂರ ಸರಿದರೆ ಅಲೆ ತುಸು ಹಿಗ್ಗಿ ಬರುತ್ತದೆ, ಗುಳಿ ಮೋಡದ್ದೇ ಆದರೆ ಗೆರೆಯಲ್ಲಿ ಒಂಚೂರು ಎಡಕ್ಕೆ ಸರಿದಿರಬೇಕು, ಜಾಗ ಬದಲಾಯಿಸಿದ್ರೆ ಆಕಾಶದ್ದು ಮೇಡಂ, ಇದ್ದಲ್ಲೇ ಇದ್ರೆ ನಮ್ಮ ಅಂಗಳದ್ದು, ಎಂಜಿನಿಯರ್ ಬೆಳಿಗ್ಗೆಯೂ ಅದನ್ನೇ ಅಂದರು, ಈಗ ಬೆನ್ನ ಹಿಂದೆ ನಿಂತು ಉಸಿರು ಬಿಡುತ್ತಿದ್ದಾರೆ. ಎದೆ ಡವಗುಟ್ಟಬೇಕಿತ್ತಲ್ಲ, ಇಲ್ಲ, ಹಾಯಾಗಿದೆ, ಏನೇ ಬರಲಿ ಈ ಕೆಲಸ, ಈ ಕುರ್ಚಿ ಅವಳಿಗೆ ಇಷ್ಟ, ಮಗಳು ಶಾಲೆಯಿಂದ ಬರುವಷ್ಟರಲ್ಲಿ — ತಡಿ, ಗದ್ದಲ ಅಡಗುತ್ತಿದೆ, ಹುಲ್ಲಿನ ಹಾಗೆ ಕುಣಿಯುತ್ತಿದ್ದ ಗೆರೆ ನಿಧಾನಕ್ಕೆ ಮಟ್ಟಸವಾಗುತ್ತಿದೆ, ಹಳೆಯ ಜಾಗ, ಎಲ್ಲಿ, ಇಲ್ಲಿ, ಸಪಾಟು, ಪೂರಾ ಸಪಾಟು, ಅಯ್ಯೋ, ಏನೂ ಇಲ್ಲವಲ್ಲ — ಮೇಡಂ, ಎಡಕ್ಕೆ, ಎಡಕ್ಕೆ ನೋಡಿ — ಎಡಕ್ಕೆ, ಇರಬೇಕಾದ ಕಡೆಯೇ, ಗುಳಿ, ಸಣ್ಣ ಗುಳಿ, ಗುಳಿ