ಮೂರನೆಯ ದನಿ

"ನಿಮ್ಮ ಯಜಮಾನರ ಹೆಸರು ಹೇಳಿ ಅಮ್ಮಾ," ಎಂದು ಫೋನಿನೊಳಗಿನ ಹುಡುಗಿ ಎರಡನೆಯ ಸಲ ಕೇಳಿದಳು. ಕಳಕವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಎಪ್ಪತ್ತರ ಹತ್ತಿರದ ಮುದುಕಿ, ಹೊಸ ಸೊಸೆಯ ಹಾಗೆ ನಾಚಿದಳು. ಫೋನಿನ ಹಿಂದೆ ಕೂತಿದ್ದ ಶಿವಲಕ್ಷ್ಮಿಗೆ ಹೊತ್ತಾಗುತ್ತಿತ್ತು. ಹೊರಗೆ ಇನ್ನೂ ಆರು ಮಂದಿ ಕಾದಿದ್ದರು. "ಮಾಳಿಂಗರಾಯ ಅಂತ್ರಿ," ಎಂದು ಅವಳೇ ಹೇಳಿಬಿಟ್ಟಳು. ಅಷ್ಟರಲ್ಲಿ ಕರೆ ಕಟ್ಟಾಯಿತು. ನೆಟ್‌ವರ್ಕು ಹೋಗಿರಬೇಕೆಂದುಕೊಂಡು ಅವಳು ಮುಂದಿನವರನ್ನು ಕರೆದಳು.

ಬೆಳ್ಳಟ್ಟಿಯ ಬಸ್ ನಿಲ್ದಾಣದ ಹಿಂದಿನ ಆ ಸಣ್ಣ ಕೋಣೆಗೆ ಕಂಪನಿಯವರು ಹಾಕಿಸಿದ ಬೋರ್ಡು ಉದ್ದವಾಗಿತ್ತು, ಅದನ್ನು ಪೂರ್ತಿ ಓದಿದವರು ಊರಲ್ಲಿ ಯಾರೂ ಇರಲಿಲ್ಲ. ಎಲ್ಲರಿಗೂ ಅದು ಹೆಬ್ಬಟ್ಟಿನ ಅಂಗಡಿ. ಯಂತ್ರದ ಮೇಲೆ ಹೆಬ್ಬಟ್ಟು ಇಟ್ಟರೆ ಪಿಂಚಣಿ ಕೈಗೆ ಬರುತ್ತಿತ್ತು. ಶಿರಹಟ್ಟಿಯ ಬ್ಯಾಂಕಿನವರೆಗೆ ಹೋಗಿ ಸಾಲಿನಲ್ಲಿ ನಿಂತು ಸೊಂಟ ಹಿಡಿಸಿಕೊಳ್ಳುವುದು ತಪ್ಪಿತ್ತು. ಆರು ವರ್ಷದಿಂದ ಶಿವಲಕ್ಷ್ಮಿ ಅದನ್ನು ನಡೆಸುತ್ತಿದ್ದಳು. ರೊಟ್ಟಿ ಬಡಿದು, ಕಳೆ ತೆಗೆದು ಸವೆದುಹೋದ ಹೆಬ್ಬಟ್ಟುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒತ್ತಿ, ತಿರುಗಿಸಿ, ಯಂತ್ರಕ್ಕೆ ಒಪ್ಪಿಸುವ ಕಲೆ ಅವಳಿಗೆ ಸಿದ್ಧಿಸಿತ್ತು. ಈ ವರ್ಷ ಕಂಪನಿ ಹೊಸದೊಂದು ಪರೀಕ್ಷೆ ತಂದಿತ್ತು. ಪ್ರತಿಯೊಬ್ಬ ಗ್ರಾಹಕರೂ ಫೋನಿನ ಮುಂದೆ ಕೂತು, ವಿಡಿಯೋ ಕರೆಯಲ್ಲಿ ತಾವು ತಾವೇ ಎಂದು ಬೆಂಗಳೂರಿನ ಯಾರನ್ನೋ ಒಪ್ಪಿಸಬೇಕು.

ಗಂಡಸರು ಒಪ್ಪಿಸಿದರು. ಹೆಂಗಸರಲ್ಲಿ ವಯಸ್ಸಾದವರು ಒಂದೇ ಪ್ರಶ್ನೆಗೆ ನಿಂತುಬಿಡುತ್ತಿದ್ದರು. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ತರುವುದುಂಟೇ? ಮದುವೆ, ಸೀಮಂತಗಳಲ್ಲಿ ನಾಲ್ಕು ಜನ ಪೀಡಿಸಿದಾಗ ಪ್ರಾಸದ ಒಡಪಿನಲ್ಲಿ ಹೆಣೆದು ಹೇಳಿದರೆ ಹೇಳಿದರು, ಅಷ್ಟೇ. ರೇಷನ್ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಇವಳ ಗಂಡನ ಹೆಸರನ್ನು ಪಕ್ಕದವಳು ಹೇಳುತ್ತಾಳೆ, ಪಕ್ಕದವಳ ಗಂಡನ ಹೆಸರನ್ನು ಇವಳು ಹೇಳುತ್ತಾಳೆ. ಊರು ನಡೆದದ್ದೇ ಹಾಗೆ. ಹೆಬ್ಬಟ್ಟಿನ ಅಂಗಡಿಯಲ್ಲಿ ಆ ಪಕ್ಕದವಳು ಶಿವಲಕ್ಷ್ಮಿ. ಅದರಲ್ಲಿ ತಪ್ಪೇನಾದರೂ ಇದ್ದೀತೆಂದು ಅವಳಿಗೆ ಹೊಳೆಯಲೂ ಇಲ್ಲ.

ಅಂದೇ ಮಧ್ಯಾಹ್ನ ಮೂರಕ್ಕೆ ಯಂತ್ರ ನಿಂತಿತು. ಯಾರ ಹೆಬ್ಬಟ್ಟನ್ನೂ ಅದು ಒಲ್ಲೆ ಎಂದಿತು. ಮರುದಿನ ಗದಗಿನ ಕಚೇರಿಯಿಂದ ಸುದೀಪ ಬೈಕಿನಲ್ಲಿ ಬಂದ. ಈ ಕಡೆಯ ಅಂಗಡಿಗಳ ಮೇಲ್ವಿಚಾರಕ. ಬಂದಾಗಲೆಲ್ಲ ಚಹಾ ಕೇಳಿ ಕುಡಿಯುವವನು ಅಂದು ಕೊಟ್ಟ ಚಹಾವನ್ನೂ ಮುಟ್ಟಲಿಲ್ಲ.

"ಹನ್ನೊಂದು ಮಂದಿ ವಿಡಿಯೋದಾಗ ನಿಮ್ಮ ದನಿ ಐತ್ರಿ ಅಕ್ಕಾರ," ಎಂದ. "ಹನ್ನೊಂದು ಗಂಡಂದಿರ ಹೆಸರು ನೀವ ಹೇಳೀರಿ. ಅಲ್ಲಿ ಕುಂತ ಕಂಪ್ಯೂಟರಿಗೆ ಹೆಂಗ ಕಾಣತೈತಿ ಅಂದ್ರ, ಹನ್ನೊಂದು ಮಂದಿ ಹೆಸರಿನ ಮ್ಯಾಲೆ ಒಬ್ಬಾಕಿ ಎಲ್ಲಾ ಖಾತೆ ನಡಸಾಕತ್ತಾಳ ಅಂತ."

ಶಿವಲಕ್ಷ್ಮಿಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ಹೆಸರು ಬಾರದಿದ್ದರೆ ನೀವೇ ಹೇಳಿ ಜಲ್ದಿ ಮುಗಿಸಿರಿ, ದಿನಕ್ಕೆ ನಲವತ್ತು ಆಗಬೇಕು ಎಂದು ಗದಗಿನ ತರಬೇತಿಯಲ್ಲಿ ಇದೇ ಸುದೀಪ ಹೇಳಿದ್ದ. ಅದನ್ನು ನೆನಪಿಸಿದಳು. ಅವನು ತನ್ನ ಹೆಲ್ಮೆಟ್ಟಿನ ಗಾಜನ್ನು ಬೆರಳಿನಿಂದ ಒರೆಸುತ್ತ ಕೂತ.

"ಅದು ಬಾಯಿಮಾತ್ರಿ. ಕಾಗದದಾಗ ಇಲ್ಲ."

ಕಾಗದದಲ್ಲಿ ಇದ್ದದ್ದು ಎರಡು ದಾರಿ. ಈ ಹನ್ನೊಂದು ಜನ ತನಗೆ ಸರಿಯಾಗಿ ಗುರುತಿಲ್ಲದವರು, ಇವರ ಖಾತೆಗಳ ಮೇಲೆ ತನಗೇ ಅನುಮಾನವಿದೆ ಎಂದು ಶಿವಲಕ್ಷ್ಮಿ ಸಹಿ ಮಾಡಿಕೊಟ್ಟರೆ ಅವಳ ಯಂತ್ರ ಸೋಮವಾರವೇ ತೆರೆಯುತ್ತದೆ; ಅವರ ಖಾತೆಗಳು ಮಾತ್ರ ವಿಚಾರಣೆ ಮುಗಿಯುವ ತನಕ ಮುಚ್ಚಿರುತ್ತವೆ. ಸಹಿ ಮಾಡದಿದ್ದರೆ ಹನ್ನೊಂದರಲ್ಲಿ ಒಬ್ಬರನ್ನು ಕಂಪನಿ ಮತ್ತೊಮ್ಮೆ ಪರೀಕ್ಷಿಸುತ್ತದೆ. ಗ್ರಾಹಕರ ಮನೆಯಲ್ಲೇ, ಶಿವಲಕ್ಷ್ಮಿ ಪಕ್ಕದಲ್ಲಿ ಇರದೆ, ಮೂರನೆಯ ದನಿ ಕೇಳದಂತೆ. ಅದರಲ್ಲಿ ಪಾಸಾದರೆ ಎಲ್ಲರೂ ಪಾಸು. ಆಗದಿದ್ದರೆ ಅವರ ಖಾತೆಗಳೂ ಬಂದ್, ಇವಳ ಅಂಗಡಿಯೂ ಕಾಯಂ ಬಂದ್, ಮೇಲೆ ಪೊಲೀಸ್ ದೂರು. ಪರೀಕ್ಷೆಗೆ ಕಂಪ್ಯೂಟರು ಆರಿಸಿದ ಹೆಸರು ಕಳಕವ್ವನದು.

"ಮತ್ತ ನನ್ನ ಹೆಸರು ಎಲ್ಲೂ ತರಬ್ಯಾಡ್ರಿ ಅಕ್ಕಾರ," ಎಂದು ಹೊರಡುವಾಗ ಸುದೀಪ ಮೆಲ್ಲಗೆ ಹೇಳಿದ. ಹೆಸರು ಹೇಳಬಾರದವರ ಪಟ್ಟಿಗೆ ಇವನೊಬ್ಬ ಸೇರಿದನಲ್ಲ ಎಂದುಕೊಂಡಳು ಅವಳು.

ಎರಡು ದಿನದಲ್ಲಿ ಊರ ಬಾಯಿ ತೆರೆಯಿತು. ಶಿವಲಕ್ಷ್ಮಿ ಏನೋ ಮಾಡಿದ್ದಾಳಂತೆ, ಇಲ್ಲದಿದ್ದರೆ ಯಂತ್ರ ಸುಮ್ಮನೆ ನಿಲ್ಲುತ್ತದೆಯೇ ಎಂದು ಹಿಟ್ಟಿನ ಗಿರಣಿಯಲ್ಲಿ ಮಾತಾಯಿತು. ಮೊನ್ನೆಯವರೆಗೆ ಕಣ್ಣು ಮುಚ್ಚಿ ಹೆಬ್ಬಟ್ಟು ಕೊಡುತ್ತಿದ್ದ ಕೈಗಳು ಈಗ ಸೆರಗಿನೊಳಗೆ ಸೇರಿದವು. ಮುಂಡರಗಿಯ ಕಡೆ ಗಾಳಿಯಂತ್ರಗಳ ಕಾವಲಿಗೆ ಹೋಗುವ ಅವಳ ಗಂಡ ದುರ್ಗೇಶ, ಸಹಿ ಒಗೆದು ಕೈ ತೊಳೆದುಕೋ ಎಂದ. ಮುದುಕಿಯರಿಗೆ ಮಕ್ಕಳಿದ್ದಾರೆ, ನಮಗೆ ಯಾರಿದ್ದಾರೆ ಎಂದ. ಅವನು ಹೇಳಿದ್ದು ಸುಳ್ಳಲ್ಲ. ಅವಳಿಗೆ ರಾತ್ರಿ ಅನ್ನ ಸೇರಲಿಲ್ಲ. ಅತ್ತ ದರಿ, ಇತ್ತ ಪುಲಿ; ನಡುವೆ ತಾನು. ಒಳ್ಳೆಯದು ಮಾಡಲು ಹೋಗಿ ಕಳ್ಳಿಯಾದೆನಲ್ಲ ಎಂದು ಅವಳಿಗೆ ಅಳು ಬಂತು.

ಕಳಕವ್ವನ ಮನೆಗೆ ಹೋಗುವುದೇ ಅವಳಿಗೆ ಬೇಡವಾಗಿತ್ತು. ಮಾಳಿಂಗರಾಯನನ್ನು ಹುಬ್ಬಳ್ಳಿಯ ಆಸ್ಪತ್ರೆಯಿಂದ ಕರೆತಂದು ಇನ್ನೂ ಇಪ್ಪತ್ತು ದಿನವಾಗಿರಲಿಲ್ಲ. ಎದೆ ಕೊಯ್ದು ಹೊಲಿದಿದ್ದರು. ಕುರಿ ಹಿಂಡಿನ ಹಿಂದೆ ಹರ್ತಿಯ ಆಚೆತನಕ ನಡೆದು ಬರುತ್ತಿದ್ದ ಆಳು ಈಗ ನಡುಮನೆಯ ಗೋಡೆಯಾಚೆ ಮಂಚದ ಮೇಲೆ ಮಲಗಿದ್ದ. ಕಳಕವ್ವ ಪಡಸಾಲೆಯಲ್ಲಿ ಕೂತು ಅವನಿಗೆ ಗಂಜಿ ಆರಿಸುತ್ತಿದ್ದಳು. ಶಿವಲಕ್ಷ್ಮಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಒಡಪಿನಲ್ಲಾದರೂ ಹೇಳಬಹುದಲ್ಲ ಎಂದಳು.

ಕಳಕವ್ವ ಗಂಜಿಯಲ್ಲಿ ಚಮಚ ತಿರುಗಿಸುತ್ತಲೇ ಇದ್ದಳು. "ಹೆಂಡ್ತಿ ಬಾಯಾಗ ಹೆಸರ ಬಂದ್ರ ಗಂಡನ ಆಯುಷ್ಯ ಕಡಿಮಿ ಆಗತೈತಿ ಅಂತ ನಮ್ಮವ್ವ ಹೇಳ್ತಿದ್ಲು. ಖರೆನೋ ಸುಳ್ಳೋ, ನನಗೇನ ಗೊತ್ತು. ಆದ್ರ ಯವ್ವಾ, ಇದು ಅದನ್ನ ಪರೀಕ್ಷಾ ಮಾಡಿ ನೋಡೂ ಹೊತ್ತಲ್ಲ."

ಶಿವಲಕ್ಷ್ಮಿ ಚೀಲ ಹೆಗಲಿಗೇರಿಸಿದಳು. ಬಿಡು ಆಯಿ ಎಂದು ಎದ್ದಳು. ಎದ್ದಾಗ ಚೀಲದಿಂದ ಸುದೀಪ ಕೊಟ್ಟ ಕಾಗದ ಜಾರಿ ಬಿತ್ತು. ಅದರಲ್ಲಿ ಏನಿದೆ ಎಂದು ಕಳಕವ್ವ ಕೇಳಿದಳು. ಸುಳ್ಳು ಹೇಳಬಹುದಿತ್ತು, ಶಿವಲಕ್ಷ್ಮಿಯ ನಾಲಗೆ ಹೊರಳಲಿಲ್ಲ. ಓದಿದಳು.

"ನನ್ನ ಗುರುತ ಇಲ್ಲ ಅಂತ ಬರೀತಿಯೇನ?" ಎಂದಳು ಕಳಕವ್ವ. ಸಿಟ್ಟೇನೂ ಇರಲಿಲ್ಲ ಆ ದನಿಯಲ್ಲಿ. ಶಿವಲಕ್ಷ್ಮಿ ಹುಟ್ಟಿದ ಮೂರನೆಯ ದಿನ ಅವಳಿಗೆ ಎಣ್ಣೆ ಹಚ್ಚಿ ನೀರು ಹಾಕಿದ ಕೈ ಕಳಕವ್ವನದು. ಅವಳು ಗಂಜಿಯ ಬಟ್ಟಲನ್ನು ಕೆಳಗಿಟ್ಟಳು.

"ಒಂದ ಸಲ ಹೇಳಿದ್ರ ಸಾಕೇನ?"

"ಒಂದ ಸಲ ಸಾಕ ಆಯಿ."

ಪರೀಕ್ಷೆ ಶುಕ್ರವಾರ ಹನ್ನೊಂದಕ್ಕೆ ನಿಗದಿಯಾಯಿತು. ಗುಳಿಗೆ ನುಂಗಿ ಮಾಳಿಂಗರಾಯ ನಿದ್ದೆ ಹೋಗುವ ಹೊತ್ತು. ನಡುಮನೆಯ ಬಾಗಿಲು ಮುಂದೆ ಮಾಡಿ, ಕೋಳಿಗಳನ್ನು ಹೊರಗೆ ಅಟ್ಟಿ, ಫೋನನ್ನು ಜೋಳದ ಚೀಲಕ್ಕೆ ಒರಗಿಸಿ ನಿಲ್ಲಿಸಿದರು. ಕಳಕವ್ವ ಇಳಕಲ್ ಸೀರೆಯುಟ್ಟು, ಹಣೆಗೆ ಕುಂಕುಮ ದೊಡ್ಡದಾಗಿಟ್ಟು, ಕಂಬಳಿಯ ಮೇಲೆ ಕೂತಳು. ಶಿವಲಕ್ಷ್ಮಿ ಹೊಸ್ತಿಲಾಚೆ ಹೋಗಿ ಗೋಡೆಗೆ ಆತು ನಿಂತಳು. ಅಲ್ಲಿಂದ ಕಳಕವ್ವನ ಅರ್ಧ ಮುಖ ಮತ್ತು ಫೋನಿನ ಬೆನ್ನು ಕಾಣುತ್ತಿತ್ತು.

ಮಮತಾ ಎಂದು ಹೆಸರು ಹೇಳಿಕೊಂಡ ಹುಡುಗಿ ಮೃದುವಾಗಿಯೇ ಮಾತಾಡಿದಳು. ಬಲಕ್ಕೆ ತಿರುಗಿ ಎಂದಳು, ಎಡಕ್ಕೆ ತಿರುಗಿ ಎಂದಳು, ರೆಪ್ಪೆ ಬಡಿಯಿರಿ ಎಂದಳು. ಊರು, ವಯಸ್ಸು, ಎಷ್ಟು ಮಕ್ಕಳು. ಕಳಕವ್ವ ಎಲ್ಲಕ್ಕೂ ಶಾಲೆಯ ಹುಡುಗಿಯ ಹಾಗೆ ಉತ್ತರ ಕೊಟ್ಟಳು. ಆಮೇಲೆ ಆ ಪ್ರಶ್ನೆ ಬಂತು. ಕಳಕವ್ವ ಒಂದು ಸಲ ನಡುಮನೆಯ ಬಾಗಿಲನ್ನು ನೋಡಿ, ಕಣ್ಣು ಮುಚ್ಚಿ, ಒಡಪು ಎತ್ತಿಕೊಂಡಳು.

"ಎರಿ ಹೊಲಕ ಬಿಳಿಜೋಳ ಚಂದ, ಬಿಳಿಜೋಳದ ರೊಟ್ಟಿಗೆ ಬೆಣ್ಣಿ ಚಂದ, ಹಣಿ ತುಂಬ ಕುಂಕುಮ ಇಟಗೊಂಡ ನಾನು..."

"ಅಮ್ಮಾ, ಹಾಡು ಬೇಡ," ಎಂದಳು ಮಮತಾ. "ಬಾಯಿಪಾಠ ಹೇಳಿದ ಹಾಗೆ ಇರಬಾರದು. ಹೆಸರು ಮಾತ್ರ ಹೇಳಿ."

ಶಿವಲಕ್ಷ್ಮಿ ಗೋಡೆಯ ಮಣ್ಣಿಗೆ ಉಗುರು ಒತ್ತಿದಳು. ಇದ್ದ ಒಂದೇ ಕಿಂಡಿಯೂ ಮುಚ್ಚಿತು. ಒಳಗೆ ಹೋಗಿ ಫೋನು ಕಿತ್ತುಕೊಂಡು ಬಂದುಬಿಡಲೇ ಎನಿಸಿತು. ಹನ್ನೊಂದು ಮುಖಗಳು ಕಣ್ಣ ಮುಂದೆ ಬಂದವು; ಹೊಸ್ತಿಲಾಚೆಯೇ ಉಳಿದಳು.

ಕಳಕವ್ವ ತುಟಿ ಒದ್ದೆ ಮಾಡಿಕೊಂಡಳು. ಉಸಿರಿನಷ್ಟು ಸಣ್ಣ ದನಿಯಲ್ಲಿ ಹೇಳಿದಳು.

"ಮಾಳಿಂಗರಾಯ."

"ಕೇಳಿಸಲಿಲ್ಲ ಅಮ್ಮಾ. ರೆಕಾರ್ಡ್ ಆಗಬೇಕು. ಸ್ವಲ್ಪ ಜೋರಾಗಿ."

ಒಂದು ಸಲ ಸಾಕು ಎಂದಿದ್ದವಳು ಹೊಸ್ತಿಲಾಚೆ ತಲೆ ತಗ್ಗಿಸಿದಳು. ಕಳಕವ್ವ ಮತ್ತೆ ಹೇಳಿದಳು. ನೆಟ್‌ವರ್ಕು ಅದನ್ನೂ ನುಂಗಿತು. ಇನ್ನೊಂದೇ ಸಲ, ಜೋರಾಗಿ, ಎಂದು ಹುಡುಗಿ ಬೇಡಿಕೊಂಡಳು. ಪಾಪ, ಅವಳ ಹಿಂದೆಯೂ ಯಾರೋ ನಿಂತು ಎಣಿಸುತ್ತಿದ್ದಿರಬೇಕು. ಕಳಕವ್ವ ಬಾಯಿಗೆ ಅಡ್ಡ ಬಂದ ಸೆರಗನ್ನು ತೆಗೆದಳು. ಹೊಲದ ಈ ಬದುವಿನಿಂದ ಆ ಬದುವಿನವರನ್ನು ಕೂಗುವ ದನಿ ಅವಳದು, ಐವತ್ತು ವರ್ಷ ಎಲ್ಲರನ್ನೂ ಕೂಗಿ ಆ ಒಬ್ಬನನ್ನು ಮಾತ್ರ ಕೂಗದೆ ಇದ್ದದ್ದು.

"ಮಾಳಿಂಗರಾಯಾ!"

ನಡುಮನೆಯ ಬಾಗಿಲಾಚೆ ಮಂಚ ಕಿರುಗುಟ್ಟಿತು.

"ಓ," ಎಂದಿತು ನಿದ್ದೆಗಣ್ಣಿನ ಒಂದು ದನಿ. "ಯಾಕ ಕರದಿ? ಇಲ್ಲೇ ಅದೀನಲ್ಲ."

ಕಳಕವ್ವ ಫೋನನ್ನು ಮರೆತು ಎದ್ದಳು. ಕಂಬಳಿ ಕಾಲಿಗೆ ತೊಡರಿತು. ಬಾಗಿಲು ತಳ್ಳಿ ಒಳಗೆ ಹೋದಳು.

"ಅಲ್ಲಿ ಇನ್ನೊಬ್ಬರ ಧ್ವನಿ ಬಂತು," ಎಂದಳು ಮಮತಾ. ಸ್ವಲ್ಪ ಹೊತ್ತು ಕಾದು ಮತ್ತೆ ಕೇಳಿದಳು. "ಅಮ್ಮಾ? ಮಾತಾಡಿದವರು ಯಾರು? ಅವರ ಹೆಸರೇನು?"

ತುಟಿಗೆ ಬಂದ ಹೆಸರು ಹೊರಬೀಳದಂತೆ ಶಿವಲಕ್ಷ್ಮಿ ಎರಡೂ ಕೈಯಿಂದ ತನ್ನ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿಕೊಂಡು ನಿಂತಿದ್ದಳು. ಒಳಗೆ ಕಳಕವ್ವ ಗಂಡನಿಗೆ ನೀರು ಬಗ್ಗಿಸುವ ಸದ್ದು ಕೇಳುತ್ತಿತ್ತು.